ಆಟಕ್ಕುಂಟು, ಲೆಕ್ಕಕ್ಕಿಲ್ಲ

ಬರೆಯುವವರು ಬರೆಯಲಾಗದ ದಿನಗಳಲ್ಲಿ ಏನು ಮಾಡಬೇಕು? ಸಾಹಿತ್ಯ ಗೋಷ್ಠಿಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಅಲ್ಲಿ ಬರೆದದ್ದರ ಬಗ್ಗೆ ಮಾತು, ಬರೆಯಬೇಕಾದದ್ದರ ಬಗ್ಗೆ ಮಾತು. ಬರೆಯದೇ ಕಳೆದ ತಿಂಗಳುಗಳ ಬಗ್ಗೆ ಕತೆಗಾರರು ತಮ್ಮತಮ್ಮಲ್ಲೂ ಬಾಯಿ ಬಿಡುವುದಿಲ್ಲ. ಸಾಲಗಾರ ತನ್ನ ಸಾಲದ ಮೊತ್ತವನ್ನು ಮುಚ್ಚಿಡುವಂತೆ ಮುಚ್ಚಿಡುತ್ತಾರೆ. ಆದರೆ ಅಂಥ ಬರಗಾಲ ಎಲ್ಲರಿಗೂ ಬರುತ್ತದೆ. ಹಾಳೆ ಮುಂದಿರುತ್ತದೆ, ಪೆನ್ನು ಕೈಯಲ್ಲಿರುತ್ತದೆ. ಪಾತ್ರಗಳು ಮಾತ್ರ ಹೊಸ್ತಿಲವರೆಗೆ ಬಂದು ಹಿಂದಿರುಗುತ್ತವೆ.

ನಮಗೂ ಅಂಥ ದಿನಗಳು ಬಂದಿವೆ. ಆಗ ನಾವು ಕೈಗೆತ್ತಿಕೊಂಡದ್ದು ಹಳೆಯ ಗುಂಡಿಗಳ ಡಬ್ಬವನ್ನು ಮತ್ತು ಒಂದು ಕಟ್ಟು ಬಣ್ಣದ ಕಾಗದವನ್ನು. ಇಂಥ ಡಬ್ಬ ಬಹಳ ಮನೆಗಳಲ್ಲಿದೆ. ಹರಿದ ಅಂಗಿಯನ್ನು ನೆಲ ಒರೆಸಲು ಹಾಕುವ ಮುನ್ನ ಅದರ ಗುಂಡಿಗಳನ್ನು ಕತ್ತರಿಸಿ ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ ಹಾಕಿಡುವುದು ನಮ್ಮ ಅಮ್ಮಿ, ಖಾಲಾಗಳ ಕಾಲದಿಂದ ಬಂದ ರೂಢಿ. ಕೋಟಿನ ದೊಡ್ಡ ಗುಂಡಿಯ ಮೇಲೆ ಅಂಗಿಯ ಸಣ್ಣ ಗುಂಡಿಯನ್ನಿಟ್ಟು, ತೂತುಗಳಲ್ಲಿ ತೆಳು ತಂತಿ ತೂರಿಸಿ ಕೆಳಗೆ ಹೊಸೆದರೆ ದೇಟಿನ ಸಮೇತ ಒಂದು ಹೂವಾಗುತ್ತದೆ. ಚೌಕ ಕಾಗದವನ್ನು ಮಡಿಸಿದರೆ ದೋಣಿ, ಹಕ್ಕಿ, ಡಬ್ಬಿ. ಗುಂಡಿಯ ಎರಡು ತೂತುಗಳಲ್ಲಿ ದಾರ ಪೋಣಿಸಿ ಗಂಟು ಹಾಕಿ, ತಿರುಚಿ, ಎರಡೂ ಕೈಗಳಿಂದ ಎಳೆದು ಬಿಟ್ಟರೆ ಗುಂಯ್‌ಗುಡುತ್ತಾ ತಿರುಗುವ ಆಟಿಕೆ. ಇದರಲ್ಲಿ ಕಲೆ ಎನ್ನುವಂಥದ್ದು ಏನೂ ಇಲ್ಲ. ಏಳನೆಯ ತರಗತಿಯ ಹುಡುಗಿ ನಮಗಿಂತ ಚೆನ್ನಾಗಿ ಮಾಡುತ್ತಾಳೆ.

ಇದನ್ನು ಕಂಡ ಗೆಳೆಯರೊಬ್ಬರು ನೇರವಾಗಿಯೇ ಕೇಳಿದರು: "ಅಲ್ರೀ, ಸುತ್ತಮುತ್ತ ಇಷ್ಟೆಲ್ಲ ನಡೀತಿರೋವಾಗ ನೀವು ಗುಂಡಿ ಪೋಣಿಸ್ತಾ ಕೂತಿದ್ದೀರಲ್ಲ?"

ಪ್ರಶ್ನೆಯಲ್ಲಿ ಕೊಂಕು ಇರಲಿಲ್ಲ, ಕಳವಳವಿತ್ತು. ಬರೆಯುವವರ ಮೌನಕ್ಕೆ ನೈತಿಕವಾದ ಅರ್ಥವೊಂದಿದೆ ಎಂಬುದು ಅವರ ನಂಬಿಕೆ. ನಮ್ಮದೂ ಹೌದು. ಹಾಗಾಗಿ ಈ ಪ್ರಶ್ನೆಯನ್ನು ನಕ್ಕು ತೇಲಿಸಿಬಿಡುವಂತಿಲ್ಲ. ಬರೆಯಲಾಗದಾಗ ಕೈಗೆ ಸಣ್ಣದೊಂದು ಕೆಲಸ ಕೊಟ್ಟು ಕೂರುವುದು ವಿಶ್ರಾಂತಿಯೋ, ಪಲಾಯನವೋ?

ಸುಲಭದ ಉತ್ತರವೊಂದಿದೆ. ದೊಡ್ಡವರೂ ಹೀಗೆ ಮಾಡಿದ್ದಾರೆ ಎಂಬುದು ಆ ಉತ್ತರ. ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯಲ್ಲಿ ಕೂತು ಮೀನು ಹಿಡಿದರು, ಹಕ್ಕಿಗಳ ಫೋಟೋ ತೆಗೆದರು. ಅವರು ಬರಹದಿಂದ ದೂರ ಹೋದರೆಂದು ಇಂದು ಯಾರೂ ಹೇಳುವುದಿಲ್ಲ. ರವೀಂದ್ರನಾಥ ಟ್ಯಾಗೋರ್ ತಮ್ಮ ಹಸ್ತಪ್ರತಿಗಳಲ್ಲಿ ಬೇಡವಾದ ಸಾಲುಗಳನ್ನು ಹೊಡೆದುಹಾಕುತ್ತಾ, ಆ ಗೀಟುಗಳನ್ನೇ ಒಂದಕ್ಕೊಂದು ಜೋಡಿಸುತ್ತಾ ವಿಚಿತ್ರ ಪ್ರಾಣಿ, ಪಕ್ಷಿಗಳನ್ನು ಬಿಡಿಸಿದರು. ಹಾಗೆ ಅರವತ್ತು ದಾಟಿದ ಮೇಲೆ ಚಿತ್ರಕಾರರಾದರು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಆ ಚಿತ್ರಗಳ ಪ್ರದರ್ಶನವೂ ನಡೆಯಿತು. ಮಕ್ಕಳ ಕತೆಗಳಿಗೆ ಹೆಸರಾದ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಚಮ್ಮಾರನ ಮಗ. ಕತೆ ಹೇಳುತ್ತಾ ಹೇಳುತ್ತಾ ದೊಡ್ಡ ಕತ್ತರಿಯಲ್ಲಿ ಮಡಿಸಿದ ಕಾಗದ ಕತ್ತರಿಸುತ್ತಿದ್ದ. ಕತೆ ಮುಗಿಯುವ ಹೊತ್ತಿಗೆ ಕಾಗದ ಬಿಡಿಸಿದರೆ ಅದರೊಳಗಿಂದ ನರ್ತಕಿಯರೂ ಹಂಸಗಳೂ ಹೊರಬರುತ್ತಿದ್ದವು.

ಈ ಉದಾಹರಣೆಗಳು ಸಮಾಧಾನ ಕೊಡುತ್ತವೆ. ಆದರೆ ಇವುಗಳಲ್ಲಿ ಒಂದು ತೊಡಕಿದೆ. ಇವರೆಲ್ಲರ ಬಿಡುವು ನಮಗೆ ಗೌರವಾರ್ಹವಾಗಿ ಕಾಣುವುದು ಅವರು ಕೊಟ್ಟುಹೋದ ಫಲದಿಂದ. ಫಲ ಬಾರದವರ ಗತಿ ಏನು? ಗುಂಡಿಯ ಹೂವು ಮಾಡಿದ ಮೇಲೂ ಕತೆ ಬರದಿದ್ದರೆ ಆ ಗಂಟೆಗಳು ವ್ಯರ್ಥವೇ?

ಇದೇ ತೊಡಕು ಇನ್ನೊಂದು ಉದಾಹರಣೆಯಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ದಾರದಲ್ಲಿ ತಿರುಗುವ ಗುಂಡಿಯ ಆಟಿಕೆಯನ್ನು ನಾವೆಲ್ಲ ಬಲ್ಲೆವು. ಗುಂಡಿ ಸಿಗದ ಮಕ್ಕಳು ಸೋಡಾ ಬಾಟಲಿಯ ಮುಚ್ಚಳವನ್ನು ಕಲ್ಲಿನಿಂದ ಜಜ್ಜಿ ಚಪ್ಪಟೆ ಮಾಡಿ, ಮೊಳೆಯಿಂದ ಎರಡು ತೂತು ಹೊಡೆದು ಇದನ್ನು ಮಾಡಿಕೊಳ್ಳುತ್ತಿದ್ದರು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನು ಪ್ರಕಾಶ್ ಎಂಬ ಭಾರತೀಯ ಮೂಲದ ವಿಜ್ಞಾನಿ ಇದ್ದಾರೆ. ಅವರು ಉಗಾಂಡಕ್ಕೆ ಹೋಗಿದ್ದಾಗ ಒಂದು ಆರೋಗ್ಯ ಕೇಂದ್ರದಲ್ಲಿ, ರಕ್ತದ ಅಂಶಗಳನ್ನು ಬೇರ್ಪಡಿಸುವ ದುಬಾರಿ ಯಂತ್ರವನ್ನು ಬಾಗಿಲು ಮುಚ್ಚಿಕೊಳ್ಳದಂತೆ ಅಡ್ಡ ಇಟ್ಟಿದ್ದನ್ನು ಕಂಡರು. ಅಲ್ಲಿ ವಿದ್ಯುತ್ ಇರಲಿಲ್ಲ. ಊರಿಗೆ ಮರಳಿದ ಅವರೂ ಅವರ ತಂಡದವರೂ ಆಟಿಕೆಗಳನ್ನು ಮುಂದಿಟ್ಟುಕೊಂಡು ಕೂತರು. ಕೊನೆಗೆ ಅವರ ಕೈ ಹಿಡಿದದ್ದು ಇದೇ ಗುಂಡಿ-ದಾರದ ಆಟ. ಕಾಗದದ ಬಿಲ್ಲೆಗಳು, ದಾರ, ಎರಡು ಹಿಡಿಗಳು, ಇಷ್ಟರಲ್ಲೇ ಅವರು ರೂಪಿಸಿದ ಸಾಧನ ನಿಮಿಷಕ್ಕೆ 1,25,000 ಸುತ್ತುಗಳ ವೇಗ ಮುಟ್ಟಿತು. ಒಂದೂವರೆ ನಿಮಿಷದಲ್ಲಿ ರಕ್ತದಿಂದ ಪ್ಲಾಸ್ಮಾ ಬೇರೆಯಾಯಿತು. ಸಾಧನದ ತೂಕ ಎರಡು ಗ್ರಾಂ, ಖರ್ಚು 20 ಅಮೆರಿಕನ್ ಸೆಂಟ್. 2017ರಲ್ಲಿ ಈ ಸಂಶೋಧನೆ ಪ್ರಕಟವಾಯಿತು.

ಓದಿ ನಾವು ಹಿಗ್ಗಿದೆವು. ಗೆಳೆಯರಿಗೆ ಕೊಡಲು ಉತ್ತರ ಸಿಕ್ಕಿತು ಎನ್ನಿಸಿತು. ಆದರೆ ಸ್ವಲ್ಪ ಯೋಚಿಸಿದರೆ ಇದೂ ಉತ್ತರವಲ್ಲ. ಗುಂಡಿಯ ಆಟ ಒಳ್ಳೆಯದು, ಏಕೆಂದರೆ ಅದರಿಂದ ಯಂತ್ರವೊಂದು ಬಂತು ಎಂದರೆ ನಾವು ಆಟವನ್ನು ಸಮರ್ಥಿಸಿಲ್ಲ, ಯಂತ್ರವನ್ನು ಸಮರ್ಥಿಸಿದ್ದೇವೆ. ಸಾವಿರಾರು ವರ್ಷಗಳಿಂದ ಈ ಬಿಲ್ಲೆಯನ್ನು ತಿರುಗಿಸಿದ ಲೆಕ್ಕವಿಲ್ಲದಷ್ಟು ಮಕ್ಕಳು ಯಾವ ಯಂತ್ರವನ್ನೂ ಕೊಡಲಿಲ್ಲ. ಅವರ ಮಧ್ಯಾಹ್ನಗಳು ಹಾಳಾದವೇ?

ಇನ್ನು ಕಷ್ಟದ ಪ್ರಶ್ನೆಗೆ ಬರೋಣ. ನಾವು ಮನಸ್ಸಿನ ಹಗುರಕ್ಕಾಗಿ ಮುಟ್ಟುವ ಈ ಗುಂಡಿಗಳೇ ಇನ್ನೊಬ್ಬರ ಹೊಟ್ಟೆಪಾಡು. ದರ್ಜಿಗಳ ಓಣಿಯಲ್ಲಿ 'ಕಾಜಾ-ಬಟನ್' ಎಂಬ ಮಾತನ್ನು ಕೇಳದವರಿಲ್ಲ. ಅಂಗಿ ಹೊಲಿಯುವವರು ಹೊಲಿದು ಮುಗಿಸಿದ ಮೇಲೆ ಕಾಜಾ ಹಾಕುವುದು, ಗುಂಡಿ ಕೂರಿಸುವುದು ಬೇರೆಯವರ ಕೆಲಸ. ಬಹಳ ಊರುಗಳಲ್ಲಿ ಅದು ಗಂಟು ಕಟ್ಟಿಕೊಂಡು ಮನೆಗೆ ಬರುತ್ತದೆ. ಅಡುಗೆಯಾದ ಮೇಲೆ, ಮಕ್ಕಳು ಶಾಲೆಗೆ ಹೋದ ಮೇಲೆ, ಬಾಗಿಲ ಬೆಳಕಿಗೆ ಕೂತು ಹೆಂಗಸರು ಅದನ್ನು ಮಾಡುತ್ತಾರೆ. ಕೂಲಿ ಅಂಗಿಯ ಲೆಕ್ಕದಲ್ಲಿ. 'ಕಾಜಾ' ಎಂಬ ಮಾತಿನ ಮೂಲ ಪೋರ್ಚುಗೀಸ್ ಭಾಷೆಯ 'ಕಾಸಾ', ಅಂದರೆ ಮನೆ ಎನ್ನುತ್ತಾರೆ. ಗುಂಡಿಗೊಂದು ಮನೆ. ದಿನವಿಡೀ ಗುಂಡಿಗಳಿಗೆ ಮನೆ ಕಟ್ಟುವ ಎಷ್ಟೋ ಹೆಂಗಸರು ಬಾಡಿಗೆ ಮನೆಯಲ್ಲಿದ್ದಾರೆ.

ಕರಾವಳಿಯಲ್ಲಿ, ತುಮಕೂರು, ಮೈಸೂರಿನ ಗಲ್ಲಿಗಳಲ್ಲಿ ಬೀಡಿ ಕಟ್ಟುವವರದ್ದೂ ಇದೇ ಕತೆ. ಅವರ ಮಡಿಲಲ್ಲಿ ಮೊರ, ಮೊರದಲ್ಲಿ ಎಲೆ, ಹೊಗೆಸೊಪ್ಪು, ದಾರ. ಕೂಲಿ ಸಾವಿರದ ಲೆಕ್ಕದಲ್ಲಿ. ಸರಿಯಿಲ್ಲ ಎಂದು ಗುತ್ತಿಗೆದಾರ ತೆಗೆದು ಪಕ್ಕಕ್ಕೆ ಹಾಕಿದ ಬೀಡಿಗಳಿಗೆ ಲೆಕ್ಕವಿಲ್ಲ. ಇವರಲ್ಲಿ ಯಾರೊಬ್ಬರೂ "ಈ ತಿಂಗಳು ನನಗೆ ಸ್ಫೂರ್ತಿ ಬತ್ತಿದೆ" ಎನ್ನುವಂತಿಲ್ಲ. ಅಂಗಡಿಯಲ್ಲಿ ಅಕ್ಕಿ ತರುವವರಿಗೆ ಮನಸ್ಸಿನ ಬರಗಾಲಕ್ಕೆ ಪುರುಸೊತ್ತಿಲ್ಲ. ಹಾಗಾದರೆ ಬರೆಯಲಾಗದ ನಮ್ಮ ಸಂಕಟವೂ, ಅದಕ್ಕೆ ನಾವು ಕಂಡುಕೊಂಡ ಗುಂಡಿಯ ಹೂವೂ ಹೊಟ್ಟೆ ತುಂಬಿದವರ ಲಹರಿಯೇ ಆಗಬೇಕು.

ನಾವೂ ಬಹಳ ದಿನ ಹಾಗೆಯೇ ಅಂದುಕೊಂಡೆವು. ಆದರೆ ಈ ವಾದ ಆ ಹೆಂಗಸರ ಬಗ್ಗೆಯೇ ಒಂದು ಸುಳ್ಳನ್ನು ಹೇಳುತ್ತದೆ. ಅವರ ಕೈಗಳು ಕೂಲಿಗಲ್ಲದೆ ಬೇರೇನನ್ನೂ ಮಾಡುವುದಿಲ್ಲ ಎಂಬ ಸುಳ್ಳು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಜನಾಂಗದವರಿದ್ದಾರೆ. ಶತಮಾನಗಳ ಹಿಂದೆ ಆಫ್ರಿಕದಿಂದ ಬಂದವರ ಸಂತತಿ. ಅವರಲ್ಲಿ ಮುಸ್ಲಿಮರೂ ಕ್ರೈಸ್ತರೂ ಹಿಂದೂಗಳೂ ಇದ್ದಾರೆ. ಹೆಚ್ಚಿನವರು ಬಡವರು, ಕಾಡು ಮತ್ತು ಕೂಲಿಯನ್ನು ನಂಬಿದವರು. ಅವರ ಹೆಂಗಸರು ಹಳೆಯ ಬಟ್ಟೆಯ ತುಂಡುಗಳನ್ನು ಸೇರಿಸಿ ಕೌದಿ ಹೊಲಿಯುತ್ತಾರೆ. ಮಲೆನಾಡಿನ ಚಳಿಗೆ ಅದು ಬೇಕೇ ಬೇಕು. ಆದರೆ ಕೌದಿಯ ಹೊಲಿಗೆ ಮುಗಿಯುವ ಮುನ್ನ ನಾಲ್ಕು ಮೂಲೆಗಳಲ್ಲಿ ಬಟ್ಟೆಯ ತುಂಡನ್ನು ತ್ರಿಕೋನವಾಗಿ ಮಡಿಸಿ ಹೊಲಿಯುತ್ತಾರೆ. ಅದರ ಹೆಸರು 'ಫೂಲ', ಅಂದರೆ ಹೂವು. ಅದು ಚಳಿಯನ್ನು ತಡೆಯುವುದಿಲ್ಲ, ಕೌದಿಯನ್ನು ಗಟ್ಟಿಯೂ ಮಾಡುವುದಿಲ್ಲ. ಆದರೂ ಫೂಲ ಇಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ.

ಹೀಗೆ ನೋಡುತ್ತಾ ಹೋದರೆ ಅಂಥ ಹೂವುಗಳು ಎಲ್ಲೆಲ್ಲೂ ಇವೆ. ಕರಾವಳಿಯಲ್ಲಿ ದೀಪಾವಳಿಗೆ ಬಿದಿರುಕಡ್ಡಿ, ಬಣ್ಣದ ಕಾಗದದ ಗೂಡುದೀಪ ಕಟ್ಟುತ್ತಾರೆ. ಬಯಲುಸೀಮೆಯ ಹಳ್ಳಿಗಳಲ್ಲಿ ಮೊಹರಮ್ಮಿಗೆ ಹಿಂದೂ, ಮುಸ್ಲಿಮ್ ಹುಡುಗರು ಒಟ್ಟಿಗೆ ಕೂತು, ಮೈದಾ ಹಿಟ್ಟಿನ ಅಂಟು ಕಾಯಿಸಿಕೊಂಡು ತಾಬೂತಿಗೆ ಬೇಗಡೆ ಕಾಗದ ಹಚ್ಚುತ್ತಾರೆ. ಆಚರಣೆಯ ಬಗ್ಗೆ ನಮ್ಮವರಲ್ಲೇ ಬೇರೆ ಬೇರೆ ಅಭಿಪ್ರಾಯಗಳಿವೆ, ಆ ಚರ್ಚೆ ಇಲ್ಲಿ ಬೇಡ. ಆ ಕೈಗಳನ್ನಷ್ಟೇ ನೋಡೋಣ. ಹಗಲೆಲ್ಲ ಮೂಟೆ ಹೊತ್ತ ಕೈಗಳು ರಾತ್ರಿ ಅಂಚು ತಪ್ಪದಂತೆ ಹಾಳೆ ಕತ್ತರಿಸುತ್ತವೆ. ನಾಲ್ಕು ದಿನ ಕಳೆದರೆ ಅದು ನೀರಿಗೆ ಹೋಗುತ್ತದೆ, ಇಲ್ಲವೇ ಅಟ್ಟಕ್ಕೆ. ಬೀಡಿ ಕಟ್ಟುವವಳ ಮನೆಯ ಗೋಡೆಯ ಮೇಲೆ ಕ್ರೇಪ್ ಕಾಗದದ ಗುಲಾಬಿಯಿದೆ. ಅವಳ ಬೆರಳುಗಳಲ್ಲಿ ಹೊಗೆಸೊಪ್ಪಿನ ವಾಸನೆಯ ಮೇಲೆ ಮೆಹಂದಿಯ ವಾಸನೆಯಿದೆ.

ಗುಂಡಿಯ ಚರಿತ್ರೆಯೂ ಇದನ್ನೇ ಹೇಳುತ್ತದೆ. ಸಿಂಧೂ ಕಣಿವೆಯ ನೆಲೆಗಳಲ್ಲಿ ನಾಲ್ಕು ಸಾವಿರ ವರ್ಷಕ್ಕೂ ಹಳೆಯ ಚಿಪ್ಪಿನ ಗುಂಡಿಗಳು ಸಿಕ್ಕಿವೆ. ಅವು ಬಟ್ಟೆಯನ್ನು ಬಿಗಿಯಲು ಇದ್ದವಲ್ಲ, ಚೆಂದಕ್ಕಿದ್ದವು ಎಂದು ಬಲ್ಲವರ ಅಭಿಪ್ರಾಯ. ಕಾಜಾದೊಳಗೆ ತೂರಿ ಅಂಗಿಯನ್ನು ಬಿಗಿಯುವ ಬಳಕೆ ಯುರೋಪಿನಲ್ಲಿ ಹರಡಿದ್ದು 13ನೆಯ ಶತಮಾನದಿಂದೀಚೆಗೆ. ಗುಂಡಿ ಮೊದಲು ಹೂವಾಗಿತ್ತು, ಕೆಲಸಗಾರನಾದದ್ದು ಆಮೇಲೆ.

ಹಾಗಾದರೆ ಭೇದ ಇರುವುದು ಉಳ್ಳವರ ಕೈ, ಇಲ್ಲದವರ ಕೈಗಳ ನಡುವೆ ಮಾತ್ರವಲ್ಲ. ಒಂದೇ ಕೈ ಮಾಡುವ ಎರಡು ಬಗೆಯ ಕೆಲಸಗಳ ನಡುವೆಯೂ ಇದೆ. ಒಂದು ಎಣಿಕೆಗೆ ಸಿಗುವ ಕೆಲಸ, ಇನ್ನೊಂದು ಎಣಿಕೆಗೆ ಸಿಗದ ಕೆಲಸ. ಮೊದಲನೆಯದು ಹೊಟ್ಟೆಗೆ. ಎರಡನೆಯದು, 'ನಾನು ಬರೀ ಇಷ್ಟೇ ಅಲ್ಲ' ಎಂದು ಮನುಷ್ಯ ತನಗೆ ತಾನೇ ಹೇಳಿಕೊಳ್ಳುವ ಮಾತು. ಮಕ್ಕಳ ಆಟದಲ್ಲಿ ಚಿಕ್ಕ ತಂಗಿಯನ್ನು ಸೇರಿಸಿಕೊಳ್ಳುವಾಗ ಹೇಳುವುದುಂಟು: 'ಇವಳು ಆಟಕ್ಕುಂಟು, ಲೆಕ್ಕಕ್ಕಿಲ್ಲ'. ಅವಳು ಓಡಬಹುದು, ಅಡಗಬಹುದು, ಹಿಡಿದರೂ ಔಟ್ ಇಲ್ಲ. ದೊಡ್ಡವರಾದ ಮೇಲೆ ಈ ಮಾತನ್ನು ನಾವು ಮೂದಲಿಕೆಗೆ ಬಳಸುತ್ತೇವೆ. ಅಸಲಿಗೆ ಅದೊಂದು ರಿಯಾಯಿತಿ. ಆ ಆಟದಲ್ಲಿ ಸೋಲಿನ ಭಯವಿಲ್ಲದೆ ಓಡುವವಳು ಅವಳೊಬ್ಬಳೇ.

ಬರೆಯುವ ನಮ್ಮ ಸ್ಥಿತಿಯನ್ನು ಈಗ ನೋಡಿ. ಕತೆ ಹುಟ್ಟುವುದು ಲೆಕ್ಕದಾಚೆಗೆ. ಆದರೆ ಬರೆಯತೊಡಗಿದ ಕೆಲವೇ ವರ್ಷಗಳಲ್ಲಿ ಲೆಕ್ಕ ಒಳಗೆ ಬಂದುಬಿಡುತ್ತದೆ. ವಿಶೇಷಾಂಕಕ್ಕೆ ಒಂದು ಕತೆ, ವರ್ಷಕ್ಕೆ ಇಷ್ಟು, ಸಂಕಲನಕ್ಕೆ ಇಷ್ಟು, ಯಾವ ಪ್ರಶಸ್ತಿ ಯಾರಿಗೆ. ಈಗ ಮೊಬೈಲಿನಲ್ಲಿ ಎಷ್ಟು ಜನ ಮೆಚ್ಚಿದರೆಂಬುದು ನಿಮಿಷ ನಿಮಿಷಕ್ಕೂ ಕಾಣುತ್ತದೆ. ಹದೀಸ್ ಗ್ರಂಥಗಳಲ್ಲಿ ಹಝ್ರತ್ ಆಯಿಶಾ ಹೇಳಿದ ಒಂದು ಪ್ರಸಂಗವಿದೆ. ಪ್ರವಾದಿಯವರು ತೀರಿಕೊಂಡಾಗ ಮನೆಯಲ್ಲಿ ಸ್ವಲ್ಪ ಬಾರ್ಲಿ ಉಳಿದಿತ್ತು. ಅದರಲ್ಲೇ ಅವರು ಬಹಳ ದಿನ ಉಂಡರು. ಒಂದು ದಿನ ಅದನ್ನು ಅಳೆದು ನೋಡಿದರು, ಅಲ್ಲಿಗೆ ಅದು ಮುಗಿಯಿತು. 'ಬರಕತ್' ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ವಿವರಣೆ ನಮಗೆ ಸಿಕ್ಕಿಲ್ಲ. ನಮ್ಮ ಬರಗಾಲಗಳಲ್ಲಿ ಎಷ್ಟೋ ಹೀಗೆ ಬಾರ್ಲಿ ಅಳೆದದ್ದರಿಂದ ಬಂದವು. ಆಗ ಗುಂಡಿಯ ಡಬ್ಬ ತೆರೆಯುವುದೆಂದರೆ, ಅಳೆಯದೆ ಏನನ್ನಾದರೂ ಮಾಡುವುದನ್ನು ಕೈಗೆ ಮತ್ತೆ ಕಲಿಸುವುದು.

ಕಲಿಸುವುದು ಎಂಬ ಮಾತು ಸುಮ್ಮನೆ ಬಂದದ್ದಲ್ಲ. ಉರ್ದು ಓದಿದವರಿಗೆ 'ಮಶ್ಕ್' ಎಂಬ ಪದ ಗೊತ್ತು, ಅಂದರೆ ಅಭ್ಯಾಸ. ಅಕ್ಷರಕಲೆಯ ಉಸ್ತಾದರು ಬರೆದುಕೊಟ್ಟ ಒಂದೇ ಅಕ್ಷರವನ್ನು ಶಿಷ್ಯ ನೂರಾರು ಸಲ ತಿದ್ದಬೇಕು. ಕಾಗದವನ್ನು ಆ ಕಡೆ ಈ ಕಡೆ ತಿರುಗಿಸಿ, ಬರೆದದ್ದರ ಮೇಲೆಯೇ ಬರೆದು ಹಾಳೆ ಕಪ್ಪಾಗುತ್ತಿತ್ತು. ಅದಕ್ಕೆ 'ಸಿಯಾಹ್ ಮಶ್ಕ್', ಕಪ್ಪು ಅಭ್ಯಾಸ ಎಂದೇ ಹೆಸರು. ಆ ಹಾಳೆಯಲ್ಲಿ ಓದಲು ಏನೂ ಇಲ್ಲ. ಇರಾನಿನಲ್ಲಿ ಅಂಥ ಹಾಳೆಗಳನ್ನೇ ಜನ ಕಾಪಾಡಿ ಇಟ್ಟುಕೊಳ್ಳತೊಡಗಿದರು. ಓದಲಾಗದ ಆ ಹಾಳೆಯಲ್ಲಿ ಕೈಯ ನಿಷ್ಠೆ ಕಾಣುತ್ತಿತ್ತು.

ಕಾಗದ ಮಡಿಸುವುದರಲ್ಲೂ ಅಂಥದ್ದೇ ನಿಷ್ಠೆ ಬೇಕು. ಟಿ. ಸುಂದರ ರಾವ್ ಎಂಬವರು 1893ರಲ್ಲಿ ಮದರಾಸಿನಿಂದ ಒಂದು ಪುಸ್ತಕ ಹೊರತಂದರು. ಶಿಶುವಿಹಾರದ ಮಕ್ಕಳಿಗೆ ಕೊಡುವ ಮಡಿಕೆ ಕಾಗದದಿಂದಲೇ ರೇಖಾಗಣಿತವನ್ನು ಕಲಿಸಬಹುದೆಂದು ಅದರಲ್ಲಿ ತೋರಿಸಿದರು. ಮುಂದೆ ಅಮೆರಿಕದಲ್ಲೂ ಅದು ಅಚ್ಚಾಯಿತು. ಅದರ ಒಳಗಿನ ಗಣಿತ ನಮ್ಮ ತಲೆಗೆ ಹತ್ತುವುದಿಲ್ಲ. ಆದರೆ ಕಾಗದದ ಮುಖ್ಯ ಗುಣ ಕೈಗೆ ತಿಳಿಯುತ್ತದೆ: ಒಮ್ಮೆ ಬಿದ್ದ ಮಡಿಕೆ ಹೋಗುವುದಿಲ್ಲ. ಅಂಚಿಗೆ ಅಂಚು ಕೂಡದಿದ್ದರೆ ಹತ್ತನೆಯ ಮಡಿಕೆಯಲ್ಲಿ ಹಕ್ಕಿಯ ಕತ್ತು ಸೊಟ್ಟಗಾಗುತ್ತದೆ. ಅಲ್ಲಿ ಮಾತಿನಿಂದ ಏನನ್ನೂ ಮುಚ್ಚಲಾಗದು. ಕತೆಯಲ್ಲಾದರೆ ಮುಚ್ಚಬಹುದು. ಇಪ್ಪತ್ತು ವರ್ಷ ಬರೆದವರ ಕೈಯಲ್ಲಿ ಅನುಭವವಿಲ್ಲದಿದ್ದರೂ ಭಾಷೆಯಿರುತ್ತದೆ; ನೋವು ತಟ್ಟದಿದ್ದರೂ ನೋವಿನ ವಾಕ್ಯಗಳು ಬರುತ್ತವೆ. ಹೇಳಲು ಏನೂ ಇಲ್ಲದಾಗ ಹಾಗೆ ಒಂದು ಕತೆ ಕಟ್ಟಿ ಸಂಪಾದಕರಿಗೆ ಕಳಿಸುವುದಕ್ಕಿಂತ ಸೊಟ್ಟ ಕತ್ತಿನ ಹಕ್ಕಿಯೊಂದನ್ನು ಮಾಡಿ ಕಿಟಕಿಯಲ್ಲಿಡುವುದು ಹೆಚ್ಚು ಪ್ರಾಮಾಣಿಕ.

ಇಲ್ಲಿಗೆ ಗೆಳೆಯರ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಎದ್ದುಬಿಡುವಂತಿಲ್ಲ. ಅವರ ಪ್ರಶ್ನೆಯ ಮುಳ್ಳು ಇನ್ನೂ ಒಳಗಿದೆ. ಬರೆಯಲು ಏನೂ ಇಲ್ಲದ್ದು ಬೇರೆ, ಇರುವುದನ್ನು ಬರೆಯಲು ಹೆದರುವುದು ಬೇರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಬಗೆಯ ಖಾಲಿ ಹಾಳೆ. ನಮ್ಮ ಕಾಲದಲ್ಲಿ ಹೆದರಿಕೆ ತನ್ನ ಹೆಸರನ್ನು ಬದಲಿಸಿಕೊಂಡು ಬರುತ್ತದೆ. ಮೂಡ್ ಇಲ್ಲ ಎನ್ನುತ್ತದೆ, ಸ್ಫೂರ್ತಿ ಇಲ್ಲ ಎನ್ನುತ್ತದೆ, ವಸ್ತು ಪಕ್ವವಾಗಿಲ್ಲ ಎನ್ನುತ್ತದೆ. ಯಾರಿಗೆ ಬೇಸರವಾದೀತು, ಯಾರು ಫೋನ್ ಮಾಡಿಯಾರು, ನಮ್ಮವರೇ ಏನೆಂದಾರು, ಹೊರಗಿನವರು ಇದನ್ನು ಹೇಗೆ ತಿರುಚಿಯಾರು ಎಂಬ ನೂರು ಲೆಕ್ಕಗಳನ್ನು ಆ ಒಂದು ಮಾತು ಮುಚ್ಚಿಡುತ್ತದೆ. ಹಾಗಿರುವಾಗ ಬರೆಯುವವರು ತಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಬತ್ತಿದ್ದೇವೆಯೋ, ಬೆದರಿದ್ದೇವೆಯೋ?

ಬೆದರಿ ಗುಂಡಿ ಹಿಡಿದರೆ ಅದು ಪಲಾಯನವೇ, ಅದಕ್ಕೆ ಬೇರೆ ಹೆಸರು ಹುಡುಕಬೇಕಿಲ್ಲ. ಆದರೆ ಒಂದು ವಿಚಿತ್ರವನ್ನು ನಾವು ಗಮನಿಸಿದ್ದೇವೆ. ಈ ಕೆಲಸದ ಮುಂದೆ ಹೆದರಿಕೆ ಬಹಳ ಹೊತ್ತು ಅಡಗಿ ಕೂರಲಾರದು. ಟಿವಿಯ ಮುಂದೆ ಅಡಗಬಹುದು, ಹರಟೆಯಲ್ಲಿ ಅಡಗಬಹುದು, ಮೊಬೈಲಿನಲ್ಲಂತೂ ವರ್ಷಗಟ್ಟಲೆ ಅಡಗಬಹುದು. ಅಲ್ಲೆಲ್ಲ ಸದ್ದಿದೆ. ಕಾಗದ ಮಡಿಸುವಾಗ ಸದ್ದಿಲ್ಲ. ಕೈಗೆ ಕೆಲಸವಿದೆ, ಮನಸ್ಸಿಗೆ ಕಾವಲಿಲ್ಲ. ಮೂರನೆಯ ಮಡಿಕೆಯೋ ನಾಲ್ಕನೆಯದೋ ಆಗುವಷ್ಟರಲ್ಲಿ, ಬರೆಯದೆ ಬಿಟ್ಟ ಆ ಮನುಷ್ಯನ ಮುಖ ಎದುರಿಗೆ ಬಂದು ನಿಲ್ಲುತ್ತದೆ. ಆಗ ಅದು ಬತ್ತಿದ್ದಲ್ಲ ಎಂದು ತಿಳಿಯುತ್ತದೆ. ತಿಳಿದ ಮೇಲೆ ಕಾಗದವನ್ನು ಕೆಳಗಿಡಬೇಕು, ಪೆನ್ನು ತೆಗೆಯಬೇಕು. ಯಾವ ಮುಖವೂ ಬಾರದಿದ್ದರೆ, ಒಳಗೆ ನಿಜವಾಗಿ ಏನೂ ಇಲ್ಲದಿದ್ದರೆ, ಹಕ್ಕಿಯನ್ನು ಮುಗಿಸಬೇಕು. ನಾಚಿಕೆಪಡುವ ಅಗತ್ಯವಿಲ್ಲ.

ಇನ್ನೊಂದು ಮಾತನ್ನೂ ಸೇರಿಸಬೇಕು. ಎಣಿಕೆಗೆ ಸಿಗದ ಗಂಟೆಯೊಂದು ಮನುಷ್ಯನ ಹಕ್ಕು ಎಂದಾದರೆ ಅದು ಕತೆಗಾರರ ಮನೆಯಲ್ಲೇ ನಿಲ್ಲಬಾರದು. ಕಾಜಾ-ಬಟನ್ ಮಾಡುವ ಆಪಾಗೆ ಅಂಗಿಗಿಷ್ಟು ಎಂದು ಕೊಡುವ ದುಡ್ಡು ಎಷ್ಟು ಕಡಿಮೆಯಿದೆಯೆಂದರೆ, ಅವಳ ದಿನದ ಎಲ್ಲ ಗಂಟೆಗಳೂ ಎಣಿಕೆಗೇ ಹೋಗುತ್ತವೆ. ಕೌದಿಯ ಮೂಲೆಗೆ ಹೂವು ಕೂರಿಸುವ ಬಿಡುವು ಉಳಿಯುವುದು ಕೂಲಿ ಸರಿಯಿದ್ದಾಗ. ಹೊಲಿಗೆಯಂಗಡಿಯಲ್ಲಿ ಹತ್ತು ರೂಪಾಯಿಗೆ ಚೌಕಾಸಿ ಮಾಡಿ ಬಂದು, ಮನೆಯಲ್ಲಿ ಗುಂಡಿಯ ಹೂವು ಮಾಡುತ್ತಾ ಕೈಕೆಲಸದ ಹಿರಿಮೆಯನ್ನು ಧ್ಯಾನಿಸುವುದರಲ್ಲಿ ಅರ್ಥವಿಲ್ಲ.

ಗೆಳೆಯರು ಮುಂದಿನ ಸಲ ಬಂದಾಗ ಇಷ್ಟನ್ನೂ ಅವರಿಗೆ ಹೇಳುವ ಯೋಚನೆಯಿದೆ. ಹೇಳುವ ಮುನ್ನ ಅವರ ಕೈಗೂ ಒಂದು ಚೌಕ ಕಾಗದ ಕೊಡಬೇಕು. ಅವರೂ ಬರೆಯುವವರೇ, ಎರಡು ವರ್ಷದಿಂದ ಅವರ ಕತೆಯೂ ಎಲ್ಲೂ ಕಂಡಿಲ್ಲ.